ಯಂತ್ರದ ನೀರುಗಂಟಿ

ಹಿರಿಯೂರು ಸೀಮೆಯ ಮಾರೀಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣೀವಿಲಾಸ ಸಾಗರವು 1907ರಲ್ಲಿ ಪೂರ್ಣವಾಯಿತು. 1933ರಲ್ಲಿ ಒಮ್ಮೆ ಕೋಡಿ ಬಿದ್ದ ಬಳಿಕ ಅದು ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಜಲವೆಷ್ಟು ನಿಂತರೇನು? ತೂಬು ತೆರೆಯದೆ ತೋಟಕ್ಕೆ ಹನಿಯೂ ಬಾರದು. ಹಳ್ಳಿಯ ಕೆರೆಗಳಲ್ಲಿ ಈ ಕಾರ್ಯಕ್ಕಾಗಿಯೇ ನೀರುಗಂಟಿಯೆಂಬವನಿದ್ದನು. ಕೆರೆ ಅವನದಲ್ಲ, ಗದ್ದೆಯೂ ಅವನದಲ್ಲ. ಎರಡರ ನಡುವಣ ವಿದ್ಯೆ ಮಾತ್ರ ಅವನದು.

ಇಂದು ಕಛೇರಿ, ಬ್ಯಾಂಕುಗಳ ದಫ್ತರಗಳನ್ನು ಕಾಯುವ ಸರ್ವರ್ ಎಂಬ ಯಂತ್ರದಲ್ಲಿಯೂ ಇಂಥವನೊಬ್ಬನುಂಟು. ಅವನ ಹೆಸರು ಡ್ರೈವರ್. ಬಂಡಿ ಹೊಡೆಯುವವನೆಂದು ವಾಚಕರು ಭ್ರಮಿಸಬಾರದು. ಡಿಸ್ಕ್ ಎಂಬ ಸಂಗ್ರಹಸಾಧನದ ಮರ್ಮವನ್ನು ಬಲ್ಲ ಒಂದು ಪ್ರೋಗ್ರಾಮಿಗೆ ಆ ಹೆಸರು. 1969ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಆರಂಭಿಸಿದ ಯುನಿಕ್ಸ್ ಪದ್ಧತಿಯಲ್ಲಿ ಸಾಧನಗಳೂ ಕಡತಗಳಂತೆಯೇ ತೋರುವುವು. ಅಂತಹ ಒಂದೊಂದು ಕಡತಕ್ಕೂ ಎರಡೆರಡು ಸಂಖ್ಯೆಗಳು: ಮೊದಲನೆಯದು ಯಾವ ಡ್ರೈವರ್ ಎಂಬುದನ್ನೂ, ಎರಡನೆಯದು ಅದರ ವಶದಲ್ಲಿರುವ ಯಾವ ಸಾಧನವೆಂಬುದನ್ನೂ ಸೂಚಿಸುವುವು.

ಪೂರ್ವದಲ್ಲಿ ಹೊಸ ಡ್ರೈವರನ್ನು ಸೇರಿಸಬೇಕಾದರೆ ಕರ್ನಲ್ ಎಂಬ ಮೂಲಾಧಾರವನ್ನೇ ಮರಳಿ ಜೋಡಿಸಿ ಯಂತ್ರವನ್ನು ಹೊಸದಾಗಿ ಎಬ್ಬಿಸಬೇಕಾಗಿತ್ತು. ಯುನಿಕ್ಸಿನ ಮಾದರಿಯಲ್ಲಿ 1991ರಲ್ಲಿ ಹೊರಬಂದ ಲಿನಕ್ಸಿನಲ್ಲಿ ಈಗ ಅಷ್ಟು ಪ್ರಯಾಸವಿಲ್ಲ. ನಡೆಯುತ್ತಿರುವ ಕರ್ನಲಿಗೆ 'ಮಾಡ್‌ಪ್ರೋಬ್' ಎಂಬ ಆಜ್ಞೆಯಿಂದ ಡ್ರೈವರನ್ನು ಕೂಡಿಸಬಹುದು. ಆದರೆ ಬೇರೊಂದು ಕರ್ನಲಿಗಾಗಿ ಸಿದ್ಧಪಡಿಸಿದುದನ್ನು ಇದು ಸಾಮಾನ್ಯವಾಗಿ ಒಳಗೆ ಬಿಡದು. ಈ ಮಡಿವಂತಿಕೆ ಯುಕ್ತವಾದುದೇ ಸರಿ.

ನಿಜವಾದ ಅಪಾಯವಿರುವುದು ಮುಂದೆ. ಡಿಸ್ಕುಗಳಿಗೆ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಅವು ಕಣ್ಣಿಗೆ ಬಿದ್ದ ಸರದಿಯಿಂದ ಬರುವುವು. ದೇವದತ್ತನ ಮನೆ ಯಾವುದೆಂದರೆ ಕಾಗೆ ಕುಳಿತಿರುವುದು ಎಂದು ತೋರಿಸುವ ದೃಷ್ಟಾಂತವೊಂದು ಶಾಸ್ತ್ರಗಳಲ್ಲಿ ಉಂಟಷ್ಟೆ. ಕಾಗೆ ಹಾರಿ ನೆರೆಮನೆಯ ಮೇಲೆ ಕುಳಿತರೆ ಗತಿಯೇನು? ಹೊಸ ಡಿಸ್ಕನ್ನು ಕೂಡಿಸಿದ ಮೇಲೆ ನಿನ್ನೆಯ ಎಸ್‌ಡಿಬಿ ಇಂದು ಎಸ್‌ಡಿಸಿ ಆಗಿರಬಹುದು. ಅದನ್ನರಿಯದೆ 'ಎಂಕೆಎಫ್‌ಎಸ್' ಎಂಬ ಆಜ್ಞೆಯನ್ನು ಕೊಟ್ಟರೆ ಹಳೆಯ ಡಿಸ್ಕಿನ ಮೇಲೆಯೇ ಹೊಸ ಪಂಕ್ತಿಗಳನ್ನು ಎಳೆದಂತಾಗುವುದು. ಒಂದು ಊರಿನ ಪಹಣಿಗಳೋ, ವಿಧವೆಯೊಬ್ಬಳ ಪಿಂಚಣಿಯ ಲೆಕ್ಕವೋ ಕ್ಷಣಾರ್ಧದಲ್ಲಿ ಕೈತಪ್ಪುವುದು. ಆದುದರಿಂದ ಬಲ್ಲವರು ಡಿಸ್ಕಿನ ಗಾತ್ರ, ತಯಾರಕರು ಕೊಟ್ಟ ಕ್ರಮಸಂಖ್ಯೆ ಇವುಗಳನ್ನು ತಾಳೆ ನೋಡಿಯೇ ಮುಂದುವರಿಯುವರು. ಬಳಿಕ 'ಎಫ್‌ಎಸ್‌ಟ್ಯಾಬ್' ಪಟ್ಟಿಯಲ್ಲಿ ಸರದಿಯ ಹೆಸರನ್ನು ಬರೆಯದೆ, ಯುಯುಐಡಿ ಎಂಬ 36 ಅಕ್ಷರಗಳ ಗುರುತನ್ನು ಬರೆಯುವರು. ಅದು ಉಚ್ಚಾರಣೆಗೆ ಕರ್ಕಶ. ಆದರೆ ಡಿಸ್ಕು ಯಾವ ಸ್ಥಾನದಲ್ಲಿ ಕುಳಿತರೂ ಬದಲಾಗದು.

ಇನ್ನೊಂದು ತೊಡಕುಂಟು. ಯಂತ್ರವು ಏಳಬೇಕಾದುದೇ ಆ ಹೊಸ ಡಿಸ್ಕಿನಿಂದಾದರೆ, ಡಿಸ್ಕನ್ನು ಓದಲು ಡ್ರೈವರ್ ಬೇಕು. ಡ್ರೈವರ್ ಇರುವುದೋ ಡಿಸ್ಕಿನೊಳಗೆ. ಕೀಲಿಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗವನ್ನು ಒತ್ತಿದ ಹಾಗೆ. ಇದಕ್ಕಾಗಿ 'ಇನಿಟ್‌ರಾಮ್‌ಎಫ್‌ಎಸ್' ಎಂಬ ಬುತ್ತಿಯೊಂದನ್ನು ಕಟ್ಟಿ ಕರ್ನಲಿನೊಡನೆ ಕಳುಹಿಸುವರು. ಅದರಲ್ಲಿ ಆ ಡ್ರೈವರ್ ಇರಲೇಬೇಕು. ಕರ್ನಲ್ ಬದಲಾದಾಗಲೆಲ್ಲ ಬುತ್ತಿಯನ್ನೂ ಹೊಸದಾಗಿ ಕಟ್ಟತಕ್ಕದ್ದು. ಇದನ್ನು ಮರೆತ ಯಂತ್ರವು ಹಲವು ತಿಂಗಳು ನಿರಾತಂಕವಾಗಿ ನಡೆದು, ಎಂದೋ ಒಂದು ರಾತ್ರಿ ವಿದ್ಯುತ್ತು ಹೋಗಿ ಬಂದಾಗ ಏಳದೆ ಮಲಗಿಬಿಡುವುದು. ಹೀಗಾಗದಿರಲೆಂದು, ದಫ್ತರಗಳನ್ನು ಹೊಸ ಡಿಸ್ಕಿಗೆ ಒಪ್ಪಿಸುವ ಮುನ್ನವೇ, ಹಳೆಯ ಪ್ರತಿ ಕೈಯಲ್ಲಿರುವಾಗ, ಹಗಲು ಹೊತ್ತಿನಲ್ಲಿ ಒಮ್ಮೆ ಯಂತ್ರವನ್ನು ನಿಲ್ಲಿಸಿ ಎಬ್ಬಿಸಿ ನೋಡುವರು.