ಸದ್ದು ಬಿಡಿಸಿದ ಸಂಜೆ

ನೀವೀಗ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿದ್ದೀರಿ. ಸೇನ್ ನದಿಯ ದಂಡೆಯ ಮೇಲಿನ ಈ ಕಟ್ಟಡ ಹಿಂದೆ ರೈಲು ನಿಲ್ದಾಣವಾಗಿತ್ತು. ಎದುರಿನ ಗೋಡೆಯಲ್ಲಿ ಝಾನ್ ಫ್ರಾನ್ಸ್ವಾ ಮಿಲೆ 1857ರಿಂದ 1859ರ ನಡುವೆ ಬರೆದ ತೈಲಚಿತ್ರ, ‘ಆಂಜೆಲುಸ್’. ಅದರ ಹೆಸರು ಕೇಳಿ ಬಂದವರಿಗೆ ಅಳತೆ ಕಂಡು ಅಚ್ಚರಿ: ಎತ್ತರ 55.5 ಸೆಂ.ಮೀ., ಅಗಲ 66 ಸೆಂ.ಮೀ., ಅಷ್ಟೇ. ಇನ್ನೆರಡು ಹೆಜ್ಜೆ ಹತ್ತಿರ ಬನ್ನಿ.

ಕಾಲ ಕೆಳಗೆ ಆಲೂಗಡ್ಡೆ ಹೊಲ. ಅಗೆದ ಮಣ್ಣಿನ ಕಂದು ಆಗಲೇ ಕಪ್ಪಿಗೆ ತಿರುಗುತ್ತಿದೆ. ಸೂರ್ಯ ಕಾಣುವುದಿಲ್ಲ, ದಿಗಂತದ ಅಂಚಿನಲ್ಲಿ ತಿಳಿ ಹಳದಿ, ನಸುಗೆಂಪು ಮಾತ್ರ ಉಳಿದಿದೆ. ಆ ಬೆಳಕು ಹೊಲದಲ್ಲಿರುವ ಗಂಡಸು, ಹೆಂಗಸು ಇಬ್ಬರ ಹಿಂದೆ ನಿಂತು ಅವರ ಅಂಚುಗಳನ್ನಷ್ಟೇ ಬರೆಯುತ್ತದೆ. ಗಂಡಸಿನ ಮುಖ ನೆರಳಿನಲ್ಲಿ ಮುಳುಗಿದೆ. ಅವರ ಪಾದಗಳು ಕತ್ತಲಿನ ಮಣ್ಣಿನಲ್ಲಿ, ತಲೆಗಳು ಇನ್ನೂ ಆರದ ಆಕಾಶದಲ್ಲಿ. ಸಂಜೆ ಮೇಲಿನಿಂದ ಇಳಿಯುವುದಿಲ್ಲ, ನೆಲದಿಂದ ಮೇಲೇರುತ್ತದೆ ಎಂಬುದನ್ನು ಮಿಲೆ ಬಲ್ಲ. ನಾರ್ಮಂಡಿಯ ರೈತನ ಮಗ ಅವನು.

ಈಗ ಕೈಗಳನ್ನು ನೋಡಿ. ಅಗೆಯುವ ಸಲಕರಣೆ ಮಣ್ಣಿನಲ್ಲಿ ನೆಟ್ಟು ನಿಂತಿದೆ. ಆಲೂಗಡ್ಡೆಯ ಬುಟ್ಟಿ ನೆಲದ ಮೇಲಿದೆ, ಚೀಲ ಹೇರಿದ ತಳ್ಳುಗಾಡಿ ಹಿಂದೆ ಸುಮ್ಮನಿದೆ. ಅವನು ಟೋಪಿ ತೆಗೆದು ಎದೆಗೆ ಹಿಡಿದಿದ್ದಾನೆ. ಅವಳು ಕೈ ಜೋಡಿಸಿ ತಲೆ ತಗ್ಗಿಸಿದ್ದಾಳೆ. ಒಂದೇ ಕ್ಷಣದಲ್ಲಿ ಇಬ್ಬರೂ ಕೆಲಸ ಬಿಟ್ಟದ್ದೇಕೆ? ನಿಮ್ಮ ಕಣ್ಣು ಕಾರಣ ಹುಡುಕುತ್ತಾ ಬಯಲು ದಾಟಿ ದಿಗಂತ ಮುಟ್ಟುತ್ತದೆ. ಅಲ್ಲಿ ಚರ್ಚಿನ ಗೋಪುರದ ಪುಟ್ಟ ಮೊನೆ. ಗಂಟೆ ಕಾಣಿಸುವುದೇ ಇಲ್ಲ, ಆದರೂ ಅದು ಮೊಳಗುತ್ತಿದೆ. ಅದು ‘ಆಂಜೆಲುಸ್’ ಎಂಬ ಸಂಜೆಯ ಪ್ರಾರ್ಥನೆಯ ಗಂಟೆ. ಆ ಸದ್ದು ಕೇಳಿದೊಡನೆ ಹೊಲದ ಕೆಲಸ ನಿಲ್ಲಿಸಿ, ಸತ್ತವರಿಗಾಗಿ ಪ್ರಾರ್ಥಿಸುವಂತೆ ಅಜ್ಜಿ ಹೇಳುತ್ತಿದ್ದಳೆಂದು ಮಿಲೆ 1865ರಲ್ಲಿ ನೆನಪಿಸಿಕೊಂಡಿದ್ದ.

ಕಾಣದ ಗಂಟೆಯಂತೆಯೇ ಕಾಣದ ಗಾಳಿಯನ್ನೂ ಅವನು ಹಿಡಿದ. 1870ರ ದಶಕದ ಆರಂಭದಲ್ಲಿ ಬರೆದ, ಇಂದು ವೇಲ್ಸ್‌ನ ಕಾರ್ಡಿಫ್‌ನಲ್ಲಿರುವ ‘ಬಿರುಗಾಳಿ’ಯ ಚಿತ್ರದ ಮುಂದೆ ನಿಂತರೆ ಮೈ ತಾನಾಗಿ ಬಾಗುತ್ತದೆ. ಓಕ್ ಮರವೊಂದು ಬೇರುಸಹಿತ ಕಿತ್ತು ಬರುತ್ತಿದೆ, ಎಲೆ ಕೊಂಬೆಗಳು ಹಾರುತ್ತಿವೆ, ಕುರಿಗಾಹಿ ಓಡುತ್ತಿದ್ದಾನೆ. ಗಾಳಿಗೆ ಬಣ್ಣವಿಲ್ಲ, ಅದು ಕೆಡವಿದ್ದಕ್ಕೆ ಬಣ್ಣವಿದೆ.

ಬಣ್ಣಕ್ಕೆ ಕಿವಿಯಿಲ್ಲ, ಉಸಿರಿಲ್ಲ. ಆದ್ದರಿಂದ ಬಲ್ಲ ಕಲಾವಿದ ಸದ್ದನ್ನು ಬರೆಯಲು ಹೋಗುವುದಿಲ್ಲ. ಸದ್ದು ತಟ್ಟಿದ ಮೈಯನ್ನು ಬರೆಯುತ್ತಾನೆ. ಉಳಿದದ್ದನ್ನು ತುಂಬುವವರು ನಾವು, ನಮ್ಮೂರಿನ ಗೋಧೂಳಿಯ ನೆನಪಿನಿಂದ. ಮುಂದೆ ಯಾವ ಸಂಜೆಯ ಚಿತ್ರದೆದುರು ನಿಂತರೂ ಆಕಾಶದ ಬಣ್ಣಕ್ಕೆ ಮರುಳಾಗುವ ಮೊದಲು ಅಲ್ಲಿರುವವರ ಕೈ, ಕತ್ತು, ಬಟ್ಟೆಯ ಅಂಚುಗಳನ್ನು ನಿಧಾನವಾಗಿ ನೋಡಿ. ಚಿತ್ರ ಕೇಳಿಸತೊಡಗುವುದು ಅಲ್ಲಿಂದಲೇ.