ಮಾಡಿನ ಮೇಲೊಂದು ಮಾಡು

ನಮ್ಮ ಕರಾವಳಿಯಲ್ಲಿ ತಾರಸಿ ಕಟ್ಟಡ ಕಟ್ಟಿಸಿದವರೆಲ್ಲ ಎರಡು ಸಲ ಕಟ್ಟಿಸುತ್ತಾರೆ. ಮೊದಲ ಸಲ ಎಂಜಿನಿಯರ್ ಹೇಳಿದ ಹಾಗೆ, ಎರಡನೆಯ ಸಲ ಮಳೆ ಹೇಳಿದ ಹಾಗೆ. ಸ್ಲ್ಯಾಬ್ ಹಾಕಿ, ಒಕ್ಕಲಾಗಿ, ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ತಾರಸಿಯ ಮೇಲೆ ಕಬ್ಬಿಣದ ಕಂಬ ಏಳುತ್ತದೆ, ಕಂಬದ ಮೇಲೆ ಶೀಟು ಕೂರುತ್ತದೆ. ಬ್ರಹ್ಮಾವರದಲ್ಲಿ ಬಸ್ಸು ಹತ್ತಿ ಬೈಂದೂರಿನವರೆಗೆ ಕಿಟಕಿಯಾಚೆ ನೋಡುತ್ತಾ ಹೋಗಿ. ನೀಲಿ ಶೀಟು, ಕೆಂಪು ಶೀಟು, ಹಸಿರು ಶೀಟು. ಮನೆ, ಬ್ಯಾಂಕು, ಛತ್ರ, ಆಸ್ಪತ್ರೆ, ಕಾಲೇಜು, ಯಾವುದಕ್ಕೂ ವಿನಾಯಿತಿ ಇಲ್ಲ. ಕುಂದಾಪ್ರ ಬದಿಯ ಮೇಸ್ತ್ರಿಯೊಬ್ಬರು ಇದರ ಶಾಸ್ತ್ರವನ್ನು ಎರಡೇ ವಾಕ್ಯದಲ್ಲಿ ಮುಗಿಸಿದರು: "ಹ್ವಾಯ್, ಮಾಡ್ ಅಂದ್ರೆ ಇಳಿಜಾರ್ ಇರ್ಕ್. ನೀರಿಗ್ ಕೂಕಂಬುಕೆ ಜಾಗ ಕೊಟ್ರೆ ಅದ್ ಏಳುದೇ ಇಲ್ಲೆ."

ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಸೀಮೆ ಇದು. ಹಾಗಿದ್ದೂ ಮೇ ತಿಂಗಳಲ್ಲಿ ಮನೆಮನೆಗೆ ಬರುವ ಕಾಲೇಜುಗಳ ಬಣ್ಣದ ಪುಸ್ತಿಕೆ ತೆರೆದರೆ ಮಳೆಯ ಸುದ್ದಿಯೇ ಇರುವುದಿಲ್ಲ. ಸೌಲಭ್ಯಗಳ ಪಟ್ಟಿ ಮಾತ್ರ ಗೇಣುದ್ದ: ಸ್ಮಾರ್ಟ್ ಕ್ಲಾಸು, ಹವಾನಿಯಂತ್ರಿತ ಸಭಾಂಗಣ, ಡಿಜಿಟಲ್ ಗ್ರಂಥಾಲಯ, ಸುಸಜ್ಜಿತ ಪ್ರಯೋಗಾಲಯ. ಚಿತ್ರದಲ್ಲಿ ಆಕಾಶ ಯಾವಾಗಲೂ ನೀಲಿ. ಒದ್ದೆ ಕೊಡೆ ಎಲ್ಲಿಡಬೇಕು ಎಂಬ ಮಾಹಿತಿ ಕೊಟ್ಟ ಪುಸ್ತಿಕೆಯನ್ನು ನಾನಿನ್ನೂ ಕಂಡಿಲ್ಲ.

ಕೊಡೆಯ ಯೋಚನೆ ಮಾಡಿದವರು ಹಳೆಯ ಪಾದ್ರಿಗಳು. ನಮ್ಮ ಕಡೆ ಇಗರ್ಜಿ ಎಂದರೆ ಒಂದು ಕಟ್ಟಡವಲ್ಲ, ಒಂದು ಕಾಂಪೌಂಡು. ಒಳಗೆ ಪಾದ್ರಿ ಬಂಗಲೆ, ತೆಂಗಿನ ತೋಟ, ಬಾವಿ, ಸಮಾಧಿ ಭೂಮಿ, ಮೈದಾನ. ಮೈದಾನದ ಅಂಚಿಗೆ ಉದ್ದಕ್ಕೆ ಮಲಗಿದ ಶಾಲೆ. ಕುಂದಾಪುರದ ರೋಜರಿ ಮಾತೆಯ ಇಗರ್ಜಿಯ ಆರಂಭ 1570ರದ್ದು, ಪಕ್ಕದ ಬಸ್ರೂರಿನ ಬಂದರಿನ ಮೇಲೆ ಪೋರ್ಚುಗೀಸರ ಕಣ್ಣು ಬಿದ್ದಿದ್ದ ಕಾಲದ್ದು. ಮುಂದೆ 1680ರ ದಶಕದಲ್ಲಿ ಗೋವೆಯಿಂದ ಬಂದು ಕೆನರಾದಲ್ಲಿ ಓಡಾಡಿದ ಜೋಸೆಫ್ ವಾಜ್ ಪಾದ್ರಿ ಇಲ್ಲಿಗೂ ಬಂದಿದ್ದರು. ಹೋದಲ್ಲೆಲ್ಲ ಸಣ್ಣ ಸಣ್ಣ ಶಾಲೆ ತೆರೆಯುವುದು ಅವರ ಅಭ್ಯಾಸ. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ಶಾಲೆಗೆ ಮಾಡು ಬೇಕಲ್ಲ? ಮೊದಲು ಮುಳಿಹುಲ್ಲು, ಅನುಕೂಲಸ್ಥರಿಗೆ ನಾಡಹಂಚು. ಹುಲ್ಲಿಗೆ ಬೇಸಿಗೆಯಲ್ಲಿ ಬೆಂಕಿಯ ಭಯ, ಮಳೆಗಾಲದಲ್ಲಿ ಗೆದ್ದಲು. ವರ್ಷ ವರ್ಷ ಹೊದೆಸುವ ಖರ್ಚು ಬೇರೆ. ಆಮೇಲೆ ಬಂತು ಮಂಗಳೂರು ಹಂಚು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಶಾಲೆ ತೆರೆದರು, ಛಾಪಖಾನೆ ಹಾಕಿದರು, ಮಗ್ಗ ಹೂಡಿದರು. ಆ ಗುಂಪಿನ ಜಾರ್ಜ್ ಪ್ಲೆಬ್ಸ್ಟ್ ಎಂಬಾತ ನೇತ್ರಾವತಿಯ ದಂಡೆಯ ಜೇಡಿಮಣ್ಣನ್ನು ಕಣ್ಣಿಟ್ಟು ನೋಡಿ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ. ಮುಂದೆ ಮಲ್ಪೆಯಲ್ಲೂ ಮಿಶನ್ನಿನ ಹಂಚು ಸುಡತೊಡಗಿತು. ಕುಂದಾಪುರದ ಹೊಳೆಬದಿಯಲ್ಲಿ ಬೇರೆಯವರ ಹಂಚಿನ ಚಿಮಣಿಗಳು ಎದ್ದವು, ಅವುಗಳ ಹಿಂದೆಯೇ ಕಾರ್ಮಿಕ ಸಂಘದ ಕೆಂಪು ಬಾವುಟವೂ ಎದ್ದಿತು. ಮಿಶನರಿಗಳ ಸುವಾರ್ತೆಗಿಂತ ಅವರ ಹಂಚು ಹೆಚ್ಚು ದೂರ ಹೋಯಿತು ಎನ್ನಬೇಕು. ಅದು ದೇವಸ್ಥಾನದ ಚಂದ್ರಶಾಲೆಯ ಮೇಲೂ ಕೂತಿತು, ಮಸೀದಿಯ ಮೇಲೂ ಕೂತಿತು, ಯಾರ ಜಾತಿಯನ್ನೂ ಕೇಳಲಿಲ್ಲ.

ಹಂಚಿನ ಮಾಡಿನ ಕೆಳಗೆ ಹುಟ್ಟಿದ ದೊಡ್ಡ ಸೌಲಭ್ಯವೆಂದರೆ ಜಗಲಿ. ಮಾಡು ಗೋಡೆಯನ್ನು ದಾಟಿ ಆರೇಳು ಅಡಿ ಮುಂದೆ ಚಾಚಿದರೆ ಗೋಡೆ ಒಣಗಿರುತ್ತದೆ, ಕಿಟಕಿ ತೆರೆದಿಡಬಹುದು, ತರಗತಿಯಿಂದ ತರಗತಿಗೆ ಒದ್ದೆಯಾಗದೆ ನಡೆಯಬಹುದು. ಲೆಕ್ಕ ಇಷ್ಟೇ. ಆದರೆ ಆ ಆರೇಳು ಅಡಿಯಲ್ಲಿ ಏನೇನೆಲ್ಲ ನಡೆಯಿತು! ಸಾಲಾಗಿ ಬಿಡಿಸಿಟ್ಟ ಕೊಡೆಗಳು ಒಣಗಿದವು. ಬುತ್ತಿ ಬಿಚ್ಚಿತು, ಉಪ್ಪಿನಕಾಯಿ ಕೈ ಬದಲಾಯಿತು. ಮಗ್ಗಿ ಬಾರದವರು ಹೊರಗೆ ನಿಂತರು. ಪಕ್ಕದ ತರಗತಿಯ ಪಾಠ ಕಿವಿಗೆ ಬಿದ್ದು, ಒಳಗಿದ್ದವರಿಗಿಂತ ಹೆಚ್ಚು ಕಲಿತರು. ಮಳೆ ಹಂಚಿನ ಮೇಲೆ ಜಪ್ಪಿ ಬಂದಾಗ ಮೇಷ್ಟ್ರು ಮಾತು ನಿಲ್ಲಿಸಿ ಪುಸ್ತಕ ಮಡಚುತ್ತಿದ್ದರು. ಈಗಿನಂತೆ ರಾತ್ರಿ ಹತ್ತಕ್ಕೆ ಜಿಲ್ಲಾಧಿಕಾರಿಗಳ ರಜೆಯ ಆದೇಶಕ್ಕಾಗಿ ವಾಟ್ಸ್ಆ್ಯಪ್ ಕಾಯುವ ಪದ್ಧತಿ ಇರಲಿಲ್ಲ. ಮಳೆಯೇ ನೇರವಾಗಿ ಹತ್ತು ನಿಮಿಷದ ರಜೆ ಮಂಜೂರು ಮಾಡುತ್ತಿತ್ತು.

ಜಗಲಿ ಎಲ್ಲ ಊರಿಗೂ ಬೇಕು ಅನ್ನುವುದಕ್ಕೆ ಸಾಕ್ಷಿ ನಮ್ಮ ಗೋಪಾಲಕೃಷ್ಣ ಅಡಿಗರು. ಈಗಿನ ಬೈಂದೂರು ತಾಲೂಕಿನ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿ, ಕುಂದಾಪುರದಲ್ಲಿ ಓದಿ, ಘಟ್ಟ ಹತ್ತಿ, ಮೈಸೂರಿನ ಸೇಂಟ್ ಫಿಲೋಮಿನಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವರು. ಅಲ್ಲಿ ಅವರ ಸುತ್ತ ನವ್ಯದ ಹುಡುಗರು ಕೂಡಿದ್ದು ತರಗತಿಯಲ್ಲಷ್ಟೇ ಅಲ್ಲ, ಕಾಫಿ ಹೌಸಿನಲ್ಲಿ. ಮಳೆ ಕಡಿಮೆಯಾದ ಊರಲ್ಲಿ ಕಾಲೇಜಿನ ಜಗಲಿ ಪೇಟೆಯವರೆಗೂ ಉದ್ದವಾಗಬಹುದು ಎಂದಾಯಿತು.

ಹಿಂದೆ ಕಾಲೇಜು ಎಂದರೆ ನಮ್ಮವರಿಗೆ ಮಂಗಳೂರು. ಅಲ್ಲಿನ ಗುಡ್ಡದ ಮೇಲೆ ಜೆಸುಯಿಟರು 1880ರಲ್ಲಿ ಆರಂಭಿಸಿದ ಸೇಂಟ್ ಅಲೋಶಿಯಸ್. ಬೈಂದೂರಿನ ಹುಡುಗ ಅಲ್ಲಿಗೆ ಸೇರಬೇಕಾದರೆ ಸೇತುವೆಗಳಿಲ್ಲದ ಕಾಲದಲ್ಲಿ ಗಂಗೊಳ್ಳಿಯ ಪಂಚಗಂಗಾವಳಿ, ಸೀತಾ, ಸುವರ್ಣಾ, ಉದ್ಯಾವರ ಹೊಳೆ, ಶಾಂಭವಿ, ಗುರುಪುರ ಹೊಳೆ ಎಂದು ದೋಣಿಯಿಂದ ದೋಣಿಗೆ ಹತ್ತಿಳಿಯಬೇಕಿತ್ತು. ಪ್ರವೇಶ ಪರೀಕ್ಷೆ ಇಲ್ಲದ ಕೊರತೆಯನ್ನು ಹೊಳೆಗಳೇ ತುಂಬಿಕೊಡುತ್ತಿದ್ದವು. ಆ ಕಾಲೇಜಿನ ಚಾಪೆಲ್ಲಿನ ಒಳಗೋಡೆ, ಮಾಳಿಗೆ, ಕಮಾನು ಎಲ್ಲವನ್ನೂ 1900ರ ಆಸುಪಾಸಿನಲ್ಲಿ ಇಟಲಿಯ ಬ್ರದರ್ ಆಂಟೊನಿಯೊ ಮೊಸ್ಕೆನಿ ಚಿತ್ರಗಳಿಂದ ತುಂಬಿದರು. ಇಟಲಿಯ ಬಣ್ಣಕ್ಕೆ ನಮ್ಮ ಆಷಾಢದ ತೇವದ ಪರಿಚಯ ಎಲ್ಲಿಂದ? ಚಿತ್ರಗಳು ಮಂಕಾಗಿ, 1990ರ ದಶಕದಲ್ಲಿ ಇಂಟಾಕ್ ಸಂಸ್ಥೆಯ ತಜ್ಞರು ಬಂದು ಚೇತರಿಸಬೇಕಾಯಿತು. ಅದೇ ಕಾಲೇಜು 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವೂ ಆಯಿತು.

ಅಲೋಶಿಯಸ್ ಶುರುವಾಗಿ ಸರಿಯಾಗಿ ನೂರು ವರ್ಷಕ್ಕೆ, 1980ರಲ್ಲಿ, ಬ್ರಹ್ಮಾವರಕ್ಕೆ ಎಸ್.ಎಂ.ಎಸ್. ಕಾಲೇಜು ಬಂತು. ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ ವರ್ಷ. ಅಲ್ಲಿಯವರೆಗೆ ನಮ್ಮ ಡಿಗ್ರಿಗೆ ಮೈಸೂರಿನ ಮುದ್ರೆ. ಎಸ್.ಎಂ.ಎಸ್. ಎಂದರೆ ಮೊಬೈಲಿನ ಸಂದೇಶವಲ್ಲ, ಸೇಂಟ್ ಮೇರೀಸ್ ಸಿರಿಯನ್. ಸಿರಿಯಾ ಬ್ರಹ್ಮಾವರಕ್ಕೆ ಹೇಗೆ ಬಂತು ಎನ್ನುವುದೇ ಒಂದು ಪುರಾಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಗರ್ಜಿಗಳ ಆಡಳಿತ ಗೋವೆಯದೋ ರೋಮಿನದೋ ಎಂಬ ಜಗಳ ಎದ್ದಾಗ, ಗೋವೆಯ ಅಲ್ವಾರಿಸ್ ಪಾದ್ರಿ ಎರಡನ್ನೂ ಬಿಟ್ಟು 1889ರಲ್ಲಿ ಕೇರಳದ ಸಿರಿಯನ್ ಪರಂಪರೆಯಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನ ಬಿಷಪರಾದರು. ಬ್ರಹ್ಮಾವರದ ಹಲವು ಕುಟುಂಬಗಳು ಅವರ ಹಿಂದೆ ಹೋದವು. ಆ ಮಂದೆಯನ್ನು 1936ರಲ್ಲಿ ತೀರಿಕೊಳ್ಳುವವರೆಗೂ ಕಾದವರು ನೊರೊನ್ಹಾ ಪಾದ್ರಿ. ಮನೆಮಾತು ಕೊಂಕಣಿ, ಪೇಟೆಮಾತು ಕನ್ನಡ ಮತ್ತು ತುಳು, ಸಭೆಯ ಕೇಂದ್ರ ಕೋಟ್ಟಯಂ, ಪರಂಪರೆ ಅಂತಿಯೋಕ್ಯದ್ದು. ಇಷ್ಟೆಲ್ಲ ಒಂದೇ ಊರಲ್ಲಿ ಹೊಂದಿಕೊಂಡಿರುವಾಗ ಕಾಲೇಜಿನ ಹೆಸರು ಕ್ರಾಸ್‌ಲ್ಯಾಂಡ್ ಎಂದು ಬದಲಾದದ್ದು ದೊಡ್ಡ ವಿಷಯವೇನಲ್ಲ.

ಈಗ ಎಲ್ಲೆಡೆ ಹೊಸ ಬ್ಲಾಕುಗಳ ಕಾಲ. ಎದುರಿಗೆ ಗಾಜು, ಅಲ್ಯೂಮಿನಿಯಂ ಹಲಗೆ. ಮುಖ ನೋಡಿದರೆ ಬೆಂಗಳೂರಿನ ಯಾವ ಕಂಪೆನಿಗೂ ಕಡಿಮೆಯಿಲ್ಲ. ಜಗಲಿಯ ಜಾಗ ಲಾಭವಿಲ್ಲದ ಚದರಡಿಯೆಂದು ಕ್ಲಾಸಿನೊಳಗೆ ಸೇರಿಕೊಂಡಿದೆ. ಗಾಳಿಮಳೆ ಓರೆಯಾಗಿ ಬಂದರೆ ಕಿಟಕಿ ಮುಚ್ಚಬೇಕು, ಮುಚ್ಚಿದರೆ ಸೆಖೆ, ಸೆಖೆಗೆ ಏಸಿ, ಏಸಿಗೆ ಕರೆಂಟು, ಮಳೆಗೆ ಕರೆಂಟು ಹೋಗುತ್ತದೆ, ಅದಕ್ಕೆ ಜನರೇಟರು, ಅದರ ಸದ್ದಿಗೆ ಮತ್ತೆ ಕಿಟಕಿ ಮುಚ್ಚಬೇಕು. ಸೌಲಭ್ಯಗಳ ಪಟ್ಟಿ ಬೆಳೆಯುವ ಕ್ರಮ ಇದೇ. ಒಂದು ಇಳಿಜಾರು ಮಾಡು ಬಿಟ್ಟುಕೊಟ್ಟದ್ದಕ್ಕೆ ತೆರುವ ದಂಡ ಅದು.

ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ಸಮಿತಿಯವರಿಗೆ ನನ್ನದೊಂದು ಅರಿಕೆ. ತಾವು ಬರುವ ದಿನ ರಂಗೋಲಿ, ಚೆಂಡೆ, ಪನ್ನೀರು ಎಲ್ಲ ಸಿದ್ಧವಿರುತ್ತದೆ, ಆಕಾಶವೂ ಪುಸ್ತಿಕೆಯಲ್ಲಿದ್ದಷ್ಟೇ ನೀಲಿಯಾಗಿರುತ್ತದೆ. ಒಮ್ಮೆ ಆಸಾಡಿ ಅಮಾವಾಸ್ಯೆಯ ಹೊತ್ತಿಗೆ ಬನ್ನಿ. ಅದು ಕುಂದಾಪ್ರ ಕನ್ನಡದವರ ಭಾಷಾ ದಿನ, ಊಟಕ್ಕೇನೂ ಕಡಿಮೆಯಾಗದು. ಗೇಟಿನಿಂದ ಗ್ರಂಥಾಲಯಕ್ಕೆ, ಅಲ್ಲಿಂದ ಪ್ರಯೋಗಾಲಯಕ್ಕೆ ಕೊಡೆಯಿಲ್ಲದೆ ನಡೆಯಿರಿ. ಕೊನೆಗೆ ಪ್ರಾಂಶುಪಾಲರ ಕೋಣೆಯಲ್ಲಿ ಕುಳಿತು ತಮ್ಮ ಫೈಲನ್ನು ತೆರೆಯಿರಿ. ಒಳಗಿನ ಹಾಳೆ ಒಣಗಿದ್ದರೆ ಎ ಪ್ಲಸ್ ಕೊಡಿ. ಒದ್ದೆಯಾಗಿದ್ದರೆ ಅಂಕ ಬರೆಯಲು ಹೇಗೂ ಬಾರದು.