ಪ್ರತಿ ಸಲ ಅವನನ್ನೇ ಯಾಕೆ ಕಳಿಸಿದಿರಿ?

ಹರಿಯಬ್ಬೆಯಲ್ಲಿ ನಾವು ಹುಡುಗರು ಕಟ್ಟಿಕೊಂಡಿದ್ದ ಕಬಡ್ಡಿ ಟೀಮಿನಲ್ಲಿ ಒಬ್ಬ ಒಳ್ಳೆ ರೈಡರ್ ಇದ್ದ. ಹೆಸರು ಬೇಡ. ಹಗಲು ಶೇಂಗಾ ಹೊಲದಲ್ಲಿ ಕೂಲಿ, ಸಂಜೆ ನಮ್ಮ ಜೊತೆ ಪ್ರಾಕ್ಟೀಸ್. ಅವನು ಗೆರೆ ದಾಟಿದರೆ ಪಾಯಿಂಟ್ ಬಂದಂತೆಯೇ ಎಂದು ನಾವು ನಂಬಿದ್ದೆವು. ನಂಬಿ ಸುಮ್ಮನಾಗಿಬಿಟ್ಟೆವು. ಉಳಿದ ಆರು ಜನ ರೈಡ್ ಕಲಿಯಲೇ ಇಲ್ಲ.

ಲೆಕ್ಕ ನೋಡಿ. ಒಂದು ಪಂದ್ಯ 40 ನಿಮಿಷ. ಒಂದು ರೈಡಿಗೆ 30 ಸೆಕೆಂಡ್. ಎರಡು ಕಡೆಯವರೂ ಸರದಿಯಂತೆ ಹೋಗುವುದರಿಂದ ಒಂದು ಟೀಮಿಗೆ ಸುಮಾರು 40 ರೈಡ್. ಅಷ್ಟರಲ್ಲಿ ಹೆಚ್ಚುಪಾಲು ಒಬ್ಬನೇ ಹೋದರೆ, ಎದುರಾಳಿಗಳು ಅವನ ಕಾಲು ಯಾವ ಕಡೆ ತಿರುಗುತ್ತದೆ ಎಂಬುದನ್ನು ಅರ್ಧ ಪಂದ್ಯದೊಳಗೆ ಕಲಿತುಬಿಡುತ್ತಾರೆ.

ಪಕ್ಕದ ಊರಿನಲ್ಲಿ ರಾತ್ರಿ ನಡೆದ ಟೂರ್ನಿಯಲ್ಲಿ ಹಾಗೇ ಆಯಿತು. ಎರಡು ರೈಡ್ ಖಾಲಿ ಬಂದವು. ಮೂರನೆಯದು ಡೂ ಆರ್ ಡೈ, ಪಾಯಿಂಟ್ ತರದಿದ್ದರೆ ರೈಡರ್ ಔಟ್. ಸುಸ್ತಾಗಿದೆ ಅಂದ. "ಇದೊಂದು ಹೋಗಿ ಬಾರೋ" ಅಂದೆವು. ನಾಲ್ಕು ಜನ ಒಟ್ಟಿಗೆ ಮೇಲೆ ಬಿದ್ದರು. ಮಂಡಿ ತಿರುಚಿತು. ಮೂರು ತಿಂಗಳು ಅವನು ಕೂಲಿಗೆ ಹೋಗಲಿಲ್ಲ.

ನೋಡಲು ಹೋದಾಗ ಅವನ ಅವ್ವ ಕೇಳಿದ್ದು ಒಂದೇ ಮಾತು: "ಏಳು ಜನ ಇದ್ರಲ್ರಪ್ಪಾ, ಪ್ರತಿ ಸಲ ನನ್ನ ಮಗನ್ನೇ ಯಾಕ್ ಕಳಿಸಿದ್ರಿ?" ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಹಾಗೆ ಕಳಿಸಲು ನಮಗೆ ಧೈರ್ಯ ಕೊಟ್ಟದ್ದು ಟಿವಿಯಲ್ಲಿ ಕಂಡ ಬೆಂಗಳೂರು ಬುಲ್ಸ್. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಬುಲ್ಸ್ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿತು. ಅದರಲ್ಲಿ 22 ಅಂಕ ಪವನ್ ಸೆಹ್ರಾವತ್ ಒಬ್ಬರದೇ. ಅದೇ ವರ್ಷ ಅಕ್ಟೋಬರ್ 2ರಂದು ಹರಿಯಾಣ ತಂಡದ ಎದುರು ಅವರೊಬ್ಬರೇ 39 ಅಂಕ ತಂದರು. ಒಬ್ಬ ಸಾಕು ಅನ್ನಿಸದೇ ಇರುತ್ತದೆಯೇ?

ಆದರೆ ಅದೇ ತಿಂಗಳ ಸೆಮಿಫೈನಲ್‌ನಲ್ಲಿ ಬುಲ್ಸ್ ದೆಹಲಿ ಎದುರು 38-44ರಿಂದ ಸೋತಿತು. ಕಪ್ ಗೆದ್ದದ್ದು ಬೆಂಗಾಲ್ ವಾರಿಯರ್ಸ್. ಅವರ ನಾಯಕ, ಮುಖ್ಯ ರೈಡರ್ ಮಣಿಂದರ್ ಸಿಂಗ್ ಗಾಯದಿಂದ ಫೈನಲ್ ಆಡಿರಲಿಲ್ಲ. ಉಳಿದವರು ಹಂಚಿಕೊಂಡು ಆಡಿ 39-34ರಿಂದ ಗೆದ್ದರು. ಆ ತಂಡದ ಕೋಚ್ ನಮ್ಮ ಕರ್ನಾಟಕದವರೇ ಆದ ಅರ್ಜುನ ಪ್ರಶಸ್ತಿ ವಿಜೇತ ಬಿ.ಸಿ. ರಮೇಶ್. 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್ ಕಪ್ ಎತ್ತಿದಾಗಲೂ ಕೋಚ್ ಅವರೇ. ಅಲ್ಲಿಯೂ ಅಸ್ಲಂ ಇನಾಮದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ ಎಂದು ರೈಡಿನ ಭಾರ ಹಂಚಿಹೋಗಿತ್ತು.

ನಾವು ಮರೆತಿದ್ದ ನಿಯಮ ಒಂದಿದೆ. ರೈಡರ್ ಔಟಾಗಿ ಹೊರಗೆ ಕೂತರೆ ಅವನನ್ನು ಒಳಗೆ ಕರೆತರುವವರು ಉಳಿದವರೇ. ಯಾರಾದರೂ ಎದುರಾಳಿಯನ್ನು ಮುಟ್ಟಿ ಬರಬೇಕು, ಇಲ್ಲವೇ ಬಂದ ರೈಡರನ್ನು ಹಿಡಿಯಬೇಕು. ಬೋನಸ್ ಪಾಯಿಂಟಿಗೆ ಯಾರೂ ಎದ್ದು ಬರುವುದಿಲ್ಲ. ಎಲ್ಲರೂ ಸಮಸಮ ರೈಡ್ ಹೋಗಲೇಬೇಕು ಅಂತಲ್ಲ. ಚೆನ್ನಾಗಿ ಆಡುವವನು ಹೆಚ್ಚು ಹೋಗಲಿ. ಆದರೆ ಅವನು ಹೊರಗೆ ಕೂತಾಗ, ಅಥವಾ "ಆಗಲ್ಲ" ಅಂದಾಗ, ಎದ್ದು ಹೋಗುವ ಇನ್ನೊಬ್ಬ ಇರಬೇಕು.

ಈಗ ನಮ್ಮಲ್ಲಿ ಮೂವರು ರೈಡಿಗೆ ಹೋಗುತ್ತಾರೆ. ಒಬ್ಬನಿಗೆ ಬೋನಸ್ ಚೆನ್ನಾಗಿ ಬರುತ್ತದೆ, ಇನ್ನೊಬ್ಬನದು ಕೈ ಉದ್ದ, ಮತ್ತೊಬ್ಬ ಇನ್ನೂ ಕಲಿಯುತ್ತಿದ್ದಾನೆ. ಕಾರ್ನರ್‌ನಲ್ಲಿ ನಿಲ್ಲುವವರು ಕಾಲು ಹಿಡಿಯುವುದನ್ನು ದಿನಾ ಅಭ್ಯಾಸ ಮಾಡುತ್ತಾರೆ. ಸೋಲುವುದು ಇನ್ನೂ ನಿಂತಿಲ್ಲ.

ಅವನು ಮತ್ತೆ ಕೂಲಿಗೆ ಹೋಗುತ್ತಿದ್ದಾನೆ. ಕಬಡ್ಡಿ ಆಡುವುದಿಲ್ಲ. ಸಂಜೆ ಬಂದು ಗೆರೆಯ ಪಕ್ಕ ಕೂತು ಯಾರು ಎಷ್ಟು ರೈಡ್ ಹೋದರು ಅಂತ ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ. ಒಬ್ಬನದೇ ಜಾಸ್ತಿಯಾದರೆ ಅಲ್ಲಿಂದಲೇ ಕೂಗುತ್ತಾನೆ, "ಬೇರೆಯವನ್ನ ಕಳಿಸ್ರೋ!"

ನಿಮ್ಮೂರ ಟೀಮಿನಲ್ಲಿ ಎಷ್ಟು ಜನ ರೈಡಿಗೆ ಹೋಗುತ್ತಾರೆ? ಒಮ್ಮೆ ಎಣಿಸಿ ನೋಡಿ.